ಆಡು ಮುಟ್ಟದ ಹೂವು

ಈಗಲೂ ನೆನೆದರೆ ಮೈ ಉರಿಯುತ್ತದೆ. ದುಬೈಯ ಹೊರವಲಯದ ಹತ್ತಾ ಎಂಬಲ್ಲಿ, ಕಲ್ಲುಗುಡ್ಡದ ಮೇಲೆ, ಬಂಡೆಯ ಬಿರುಕಿನಲ್ಲಿ, ಹೋದ ಚಳಿಗಾಲ ಒಂದು ಗಿಡ ಕಂಡಿದ್ದೆ. ಬರೀ ಎಲೆ, ಹೂವಿಲ್ಲ. ಗಿಡದ ಹುಚ್ಚು ಹಿಡಿದವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಿಗೂ ಗುರುತು ಸಿಗಲಿಲ್ಲ. "ಬಹಳ ಅಪರೂಪದ್ದಿರಬಹುದು. ಹೂ ಬಿಟ್ಟಾಗ ಅದರ ಬುಡದ ಹಸಿರು ತೊಟ್ಟಿನ ಫೋಟೋ ಕಳುಹಿಸಿ. ಅಲ್ಲಿ ರೋಮ ಇದೆಯೋ ಇಲ್ಲವೋ ನೋಡದೆ ಹೆಸರು ಹೇಳಲಾಗದು. ಕೀಳಬೇಡಿ" ಎಂದರು ಗುಂಪಿನ ಹಿರಿಯರೊಬ್ಬರು. ವರ್ಷವಿಡೀ ಮಳೆಗಾಗಿ ಕಾದೆ. ದುಬೈಯಲ್ಲಿ ಮಳೆಗೆ ಕಾಯುವುದೆಂದರೆ ಏನೆಂದು ಕಾದವರಿಗೇ ಗೊತ್ತು.

ಕೊನೆಗೂ ಮಳೆ ಬಂತು. ನನಗೆ ಕಾರಿಲ್ಲ. ನಾನಿರುವ ಸತ್ವಾ ಬಡಾವಣೆಯಿಂದ ನನ್ನನ್ನು ಕರೆದೊಯ್ದವರು ಅಕ್ಕನ ಗಂಡ, ಉಡುಪಿಯ ನಮ್ಮ ಭಾವ. ಡ್ಯಾಶ್‌ಬೋರ್ಡಿನ ಗಣಪತಿಗೆ ಹೂವಿಡದೆ ಗಾಡಿ ತೆಗೆಯುವವರಲ್ಲ.

ಏದುಸಿರು ಬಿಡುತ್ತ ಗುಡ್ಡ ಏರಿದೆವು. ಹೂವಿತ್ತು! ಒಂದೇ ಒಂದು, ನಸುನೇರಳೆ, ಕಿರುಬೆರಳ ಉಗುರಿನಷ್ಟು. ಆದರೆ ಮೊಬೈಲಿಗೆ ಸಿಕ್ಕಿಸುವ ಲೆನ್ಸು ಕಾರಿನಲ್ಲೇ ಉಳಿದಿತ್ತು. ಅದಿಲ್ಲದೆ ರೋಮ ಕಾಣುವುದಿಲ್ಲ. ಪಕ್ಕದಲ್ಲೇ ಆಡುಗಳು ಮೇಯುತ್ತಿದ್ದವು. ಆಡು ಮುಟ್ಟದ ಸೊಪ್ಪುಂಟೇ?

"ಭಾವ, ಆಡು ಬಂದ್ರೆ ಓಡಿಸಿ. ಇಲ್ಲಿಂದ ಕದಲ್ಬೇಡಿ" ಎಂದು ಇಳಿದುಹೋದೆ.

ಮರಳಿ ಬಂದರೆ ಹೂವು ಭಾವನ ಅಂಗೈಯಲ್ಲಿ! ಬುಡದ ಹಸಿರನ್ನೆಲ್ಲ ಚಿವುಟಿ ತೆಗೆದಿದ್ದರು.

"ಎಂತ ಮಾಡಿದ್ರಿ ಭಾವ?"

"ದೇವರಿಗೆ ಮಾರಾಯ್ತಿ. ಒಂದು ಹೂವಿಗೆ ಎಂತ ಬೊಬ್ಬೆ ನಿಂದು!"

"ಅದರ ತೊಟ್ಟು ಎಲ್ಲಿ?"

"ತೊಟ್ಟು ಸಮೇತ ದೇವರಿಗೆ ಇಡ್ಲಿಕ್ಕಾಗ್ತದಾ? ಬಿಸಾಡಿದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಿಟ್ಟಿಗೆ ಅಳು ಬಂತು. ಮೊಳಗಟ್ಟಲೆ ಮಲ್ಲಿಗೆ ಅಂಗಡಿಯಲ್ಲಿ ಸಿಗುವ ಊರಿದು. ಬಂಡೆಯ ಸಂದಿನಿಂದ ತಲೆಯೆತ್ತಿದ ಆ ಒಂದೇ ಹೂವನ್ನು ಗಣಪತಿ ಕೇಳಿದ್ದನೇ? ಗಿಡದಲ್ಲೇ ಇದ್ದಿದ್ದರೆ ಅದು ಅವನದಾಗುತ್ತಿರಲಿಲ್ಲವೇ? ಇವರ ಭಕ್ತಿಗೆ ಕಿತ್ತು ಕೈಯಲ್ಲಿ ಹಿಡಿದರೇ ಸಮಾಧಾನ. ಕಲ್ಲುಗಳ ನಡುವೆಲ್ಲ ಬಗ್ಗಿ ತಡಕಿದೆ. ಆ ಗಾಳಿಯಲ್ಲಿ ತೊಟ್ಟು ಎಲ್ಲಿ ಸಿಗಬೇಕು? ಅಷ್ಟರಲ್ಲಿ ಆಡೊಂದು ಬಂತು. ಗಿಡವನ್ನು ಮೂಸಿ, ಬಾಯಿ ಹಾಕದೆ ತನ್ನ ಪಾಡಿಗೆ ಹೋಯಿತು.

ದಾರಿಯಲ್ಲಿ ಎಸಿ ಗಾಳಿಗೆ ಹೂವು ಗಣಪತಿಯ ಪಾದದಲ್ಲೇ ಬಾಡುತ್ತಿತ್ತು. ಭಾವ ಫೋನಿನಲ್ಲಿ ಅಕ್ಕನಿಗೆ ಹೆಮ್ಮೆಯಿಂದ ಹೇಳುತ್ತಿದ್ದರು: "ಭಾರೀ ಅಪರೂಪದ್ದಂತೆ. ಸೀದಾ ದೇವರಿಗೇ ಸೇರಿತು ನೋಡು." ಆಮೇಲೆ ನನ್ನತ್ತ ತಿರುಗಿದರು.

"ಅಲ್ಲ ಮಾರಾಯ್ತಿ, ಆ ಹೂವಿನ ಹೆಸರೆಂತ?"

"ನಿಮ್ಮ ಗಣಪತಿಯನ್ನೇ ಕೇಳಿ" ಎಂದೆ.