ಬೂದಿ ಬೆರೆಸಿದ ಜೋಳ

ಮರಾಠಿ ಸೀಮೆಯ ಸಿನ್ನರ್ ರಸ್ತೆಯ ಬದಿಯ ಆ ಸಣ್ಣ ಹೊಲದಲ್ಲಿ ಈಗ ಎತ್ತ ನೋಡಿದರೂ ದ್ರಾಕ್ಷಿ. ಬಾವಿಯ ಪಕ್ಕದ ಒಂದು ಪಟ್ಟಿಯಲ್ಲಿ ಮಾತ್ರ ಪ್ರತಿ ಹಿಂಗಾರಿಗೂ ಬಿಳಿಜೋಳ ನಿಲ್ಲುತ್ತದೆ. ಸುತ್ತಲಿನ ರೈತರು ನೋಡಿ ನಗುತ್ತಾರೆ. ನಗಲಿ, ಹಲ್ಲಿದ್ದವರು ನಗುತ್ತಾರೆ. ವಿದ್ಯಾವತಿಯ ಪಾಲಿಗೆ ಆ ಪಟ್ಟಿಯೇ ಹೊಲ. ಉಳಿದದ್ದು ಮಗ ಮಲ್ಲಿನಾಥನ ವ್ಯಾಪಾರ.

ಅವಳ ಮಾವ ಶಿವರಾಯ ಆಳಂದದ ಕಡೆಯವನು. ಮನ್ಮಾಡಿಗೆ ರೈಲು ಹಳಿಯ ಕೆಲಸಕ್ಕೆಂದು ಬಂದವನು, ಕಲ್ಲು ಬಿಟ್ಟರೆ ಬೇರೇನೂ ಬೆಳೆಯದ ಈ ನೆಲವನ್ನು ಕೊಂಡು, ಊರಿನಿಂದ ರುಮಾಲಿನಲ್ಲಿ ಕಟ್ಟಿ ತಂದ ಜೋಳ ಬಿತ್ತಿದ. ಅಂದಿನಿಂದ ಸುಗ್ಗಿಯಲ್ಲಿ ದಪ್ಪ ತೆನೆ ಆರಿಸಿ, ಕಾಳಿಗೆ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು, ಮುಂದಿನ ವರ್ಷ ಅದನ್ನೇ ಬಿತ್ತುವುದು ಮನೆಯ ರೂಢಿ. ಸೊಸೆಯಾಗಿ ಬಂದ ವಿದ್ಯಾವತಿಗೆ ತೆನೆ ಆರಿಸಲು ಕಲಿಸಿದವನೂ ಅವನೇ.

"ಹೊಟ್ಟಿಗಿ ಇರಲಿ ಬಿಡಲಿ ಯವ್ವಾ, ಬಿತ್ತೂ ಬೀಜ ಮಾತ್ರ ಉಣಬ್ಯಾಡ," ಅನ್ನುತ್ತಿದ್ದ.

ಆ ಮುದುಕನ ಎಷ್ಟೋ ಮಾತುಗಳು ಅವಳಿಗೆ ಮರೆತುಹೋಗಿವೆ. ಮರೆಯದಿರುವುದು ಒಂದು ಸಂಜೆ. ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು ಸೀತನಿ ಮಾಡಿದ್ದರು. ಸುಡುಸುಡು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಮೊದಲ ಹಿಡಿಯನ್ನು ಮಾವ ಹಾಕಿದ್ದು ಕೈಯೊಡ್ಡಿ ನಿಂತಿದ್ದ ತನ್ನ ಮಗನಿಗಲ್ಲ, ಹೊಸ ಸೊಸೆಗೆ. ಪರವೂರಿನಲ್ಲಿ ದಿನವೂ ಕದ್ದು ಅಳುತ್ತಿದ್ದ ಹುಡುಗಿ ಅಂದು ಅಳಲಿಲ್ಲ. ಈಗ ಮಾವನೂ ಇಲ್ಲ, ಗಂಡನೂ ಇಲ್ಲ.

ಮಲ್ಲಿನಾಥ ಕೆಟ್ಟವನಲ್ಲ, ಲೆಕ್ಕದವನು. "ಅಜ್ಜನ ಬೀಜ ಇರೂತನಕ ಬಿತ್ತವ್ವ, ಬ್ಯಾಡ ಅನ್ನಂಗಿಲ್ಲ. ಅದು ತೀರಿದ ವರ್ಷ ಆ ಪಟ್ಟೀನೂ ದ್ರಾಕ್ಷಿಗೇ ಹಾಕತೀನಿ," ಎಂದಿದ್ದ. ವಿದ್ಯಾವತಿ ಒಪ್ಪಿದ್ದಳು. ಗಡಿಗೆ ಕಾಯುವುದು ಅವಳಿಗೇನು ಹೊಸದೇ?

ಈ ವರ್ಷ ಗಣಪತಿ ಕಳುಹಿಸಿದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಳು. ಮನೆಯ ಜೋಳ ಮಳೆಗಾಲ ಹಿಡಿಯುವ ಹೊತ್ತಿಗೇ ತೀರುತ್ತದೆ. ಆಮೇಲೆ ಪೇಟೆಯ ಹಿಟ್ಟು. ಆ ರೊಟ್ಟಿ ಚಕ್ಕಳದಂತಿದೆ ಎಂದು ದಿನವೂ ಗೊಣಗುತ್ತಿದ್ದವಳು ಅಂದು ಒಂದು ರೊಟ್ಟಿ ಮುಗಿಸಿ ಇನ್ನೊಂದನ್ನೂ ಉಂಡಳು. ಬಾಯಲ್ಲಿ ಮಾವನ ಕಾಲದ ಸವಿ.

"ಸುಮನ, ಯಾವ ಅಂಗಡಿ ಜ್ವಾಳನೇ ಇದು? ನಮ್ಮ ಹೊಲದ್ದೇ ಉಂಡಂಗ ಆಗ್ಲತದ."

ಸೊಸೆ ಅರಳಿದಳು. ಪಂಚವಟಿಯ ಗಲ್ಲಿಯಲ್ಲಿ ಬೆಳೆದ ಹುಡುಗಿ. ಹೊಲ ಅಂದರೆ ಮದುವೆಗೆ ಮುಂಚೆ ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ.

"ನಮ್ದೇ ರಿ ಅತ್ಯಾ! ಗಡಿಗಿಯಾಗ ಇತ್ತಲ್ಲ, ಅದೇ. ಪೂರಾ ರಾಖ, ಬರೇ ಬೂದಿ ಬಿದ್ದಿತ್ರಿ. ಸ್ವಚ್ಛ ತೊಳ್ದು, ಒಣಗಿಸಿ, ಗಿರಣಿಗಿ ಹಾಕಿಸ್ಕೊಂಡ ಬಂದೆ."

ವಿದ್ಯಾವತಿ ತಟ್ಟೆ ಸರಿಸಿದಳು. ಎದ್ದು ಹೋಗಿ ಬಾವಿಕಟ್ಟೆಯ ಮೇಲೆ ಕೂತು, ಗಂಡ ಸತ್ತಾಗ ಅತ್ತಂತೆ ಅತ್ತಳು. ಮಾವ ಬೇಡವೆಂದದ್ದನ್ನೇ ಉಂಡಿದ್ದಳು, ಅದೂ ಎರಡೆರಡು ರೊಟ್ಟಿ. ಮಿಂಚಿಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಅನ್ನುವವರ ಗಡಿಗೆ ಬರಿದಾಗಿರುವುದಿಲ್ಲ.

ಸಂಜೆ ಸುದ್ದಿ ತಿಳಿದ ಮಲ್ಲಿನಾಥ ಅದು ಬಿತ್ತುವ ಬೀಜವಾಗಿತ್ತೆಂದು ಹೆಂಡತಿಗೆ ಹೇಳಿದ. ಕತ್ತಲಾದ ಮೇಲೆ ಸುಮನ ಒಳಗಿನಿಂದ ಒಂದು ಹಸಿರು ಕುಬಸದ ಬಟ್ಟೆಯ ಗಂಟು ತಂದು ಅತ್ತೆಯ ಮಡಿಲಿಗೆ ಹಾಕಿದಳು. ಅತ್ತೂ ಅತ್ತೂ ಸೊಸೆಯ ಕಣ್ಣುಗಳೂ ಊದಿದ್ದವು.

"ಕೂಸು ಅನ್ವಿತಾ ಹೊಟ್ಟಿಯಾಗ ಇದ್ದಾಗ ನೀವು ನನ್ನ ಉಡಿ ತುಂಬಿದ್ರಲ್ಲ, ಆ ಜ್ವಾಳ ರಿ."

ಎಲ್ಲರೂ ಅಕ್ಕಿಯಿಂದ ಉಡಿ ತುಂಬಿದರೆ ಈ ಮನೆಯಲ್ಲಿ ಹೊಲದ ಜೋಳದಿಂದ ತುಂಬುತ್ತಾರೆ. ಆಮೇಲೆ ಅದನ್ನು ಅಡಿಗೆ ಮಾಡಿ ಉಣ್ಣಬೇಕು. ಅದು ಸುಮನಳಿಗೆ ಯಾರೂ ಹೇಳಿರಲಿಲ್ಲ.

"ಹುಚ್ಚಿ, ಇನ್ನೂ ಉಂಡಿಲ್ಲೇನ?"

"ನೀವು ಉಡಿಯಾಗ ಹಾಕಿದ್ದು ಹೆಂಗ ಉಣ್ಲಿ ಅತ್ಯಾ? ಕಪಾಟಿನ್ಯಾಗ ಸೀರಿ ನಡುವ ಇಟ್ಟಿದ್ದೆ."

ಗಂಟು ಬಿಚ್ಚಿದರೆ ಡಾಂಬರು ಗುಳಿಗೆಯ ಘಾಟು. ಕಾಳು ಮಾತ್ರ ಒಂದೂ ಹುಳ ಹಿಡಿದಿರಲಿಲ್ಲ. ತೊಳೆಯಬಾರದ್ದನ್ನು ತೊಳೆದವಳು, ಉಣ್ಣಬೇಕಾದದ್ದನ್ನು ಉಣ್ಣದೆ ಉಳಿಸಿದ್ದಳು. ವಿದ್ಯಾವತಿ ಅಳುತ್ತಲೇ ನಕ್ಕಳು.

ಬೀಜ ಅರ್ಧ ಪಟ್ಟಿಗಷ್ಟೇ ಸಾಕಾಯಿತು. ಉಳಿದರ್ಧಕ್ಕೆ ದ್ರಾಕ್ಷಿ ಹಾಕುವ ಮಾತನ್ನು ಮಲ್ಲಿನಾಥ ಎತ್ತಲಿಲ್ಲ. "ಬರೂ ವರ್ಷಕ್ಕ ಇರಲಿ," ಎಂದ.

ಎಳ್ಳಮಾವಾಸ್ಯೆಯ ಹೊತ್ತಿಗೆ ತೆನೆಗಳಲ್ಲಿ ಹಾಲು ತುಂಬಿತ್ತು. ಬಾವಿಯ ಬಳಿ ಕೆಂಡ ಮಾಡಿ ವಿದ್ಯಾವತಿ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿದಳು. ಮಲ್ಲಿನಾಥ ಕೈಯೊಡ್ಡಿದ. ಆ ಕೈಯನ್ನು ಮೊಣಕೈಯಿಂದ ಸರಿಸಿ, ಮೊದಲ ಹಿಡಿಯನ್ನು ಸುಮನಳ ಅಂಗೈಗೆ ಸುರಿದಳು.

"ತಿನ್ನವ್ವ," ಎಂದಳು. "ಡಾಂಬರು ಗುಳಿಗಿ ವಾಸನಿ ಬರ್ತದೇನು ನೋಡು."