ತಿಮ್ಮಪ್ಪ ತೋರಿಸಿದ ಓಡುವ ಚುಕ್ಕಿ

ಮಲ್ಲಿಪಟ್ಟಣದ ತಿಮ್ಮಪ್ಪನಿಗೆ ಜಮೀನಿತ್ತು, ಒಂದು ಜೋಡಿ ಎತ್ತಿತ್ತು. ಆಲೂಗೆಡ್ಡೆ ಬೆಳೆದು ಹಾಸನದ ಮಂಡಿಗೆ ಹಾಕುತ್ತಿದ್ದ. ಆದರೆ ಊರಲ್ಲಿ ಅವನನ್ನು ಯಾರೂ ಗೆಡ್ಡೆ ತಿಮ್ಮಪ್ಪ ಎನ್ನಲಿಲ್ಲ, ಪೇಪರ್ ತಿಮ್ಮಪ್ಪ ಎಂದೇ ಕರೆದರು. ಹಾಸನದ ಬಸ್ಸು ಮಧ್ಯಾಹ್ನ ಗೌರೀಶಂಕರನ ಹೋಟೆಲಿನ ಮುಂದೆ ಒಂದು ಪೇಪರು ಎಸೆದು ಹೋಗುತ್ತಿತ್ತು. ಅದನ್ನು ಮೊದಲು ಬಿಚ್ಚುವ ಹಕ್ಕು ತನ್ನದೇ ಎಂದು ತಿಮ್ಮಪ್ಪ ತಾನೇ ತೀರ್ಮಾನ ಮಾಡಿಕೊಂಡಿದ್ದ. ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ದೊಡ್ಡ ಗಂಟಲಲ್ಲಿ ಓದುವನು. ಓದಿದ್ದರ ಜೊತೆಗೆ ತನ್ನದೂ ನಾಲ್ಕು ಮಾತು ಸೇರಿಸುವನು. ಯಾವುದು ಪೇಪರಿನದು, ಯಾವುದು ತಿಮ್ಮಪ್ಪನದು ಎಂಬುದು ಕಾಫಿ ಕುಡಿಯುವವರಿಗೆ ಗೊತ್ತಾಗುತ್ತಿರಲಿಲ್ಲ. ಕೆಟ್ಟ ಮನುಷ್ಯನೇನಲ್ಲ. ಆದರೆ ‘ನಂಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರು ಊರಲ್ಲಿ ಒಬ್ಬರೂ ಇರಲಿಲ್ಲ.

ರಷ್ಯಾದವರು ಆಕಾಶಕ್ಕೆ ಲೋಹದ ಗುಂಡೊಂದನ್ನು ಬಿಟ್ಟಿದ್ದಾರೆ, ಅದು ಭೂಮಿಯನ್ನು ಸುತ್ತುತ್ತಿದೆ ಎಂದು ಐವತ್ತೇಳರಲ್ಲಿ ಅವನು ಓದಿದಾಗ ಹೋಟೆಲಿಗೆ ಹೋಟೆಲೇ ನಕ್ಕಿತು.

“ಬಿಡಿ ತಿಮ್ಮಪ್ಪನೋರೆ, ಮೇಲಕ್ಕೆ ಎಸೆದ ಕಲ್ಲು ಕೆಳಗೆ ಬೀಳ್ದೆ ಅಲ್ಲೇ ಸುತ್ಕೊಂಡಿರ್ತದಾ?” ಎಂದ ಗೌರೀಶಂಕರ, ಲೋಟ ತೊಳೆಯುತ್ತಾ.

ಆ ನಗೆ ತಡೆಯಲಾರದೆ ತಿಮ್ಮಪ್ಪ ಸಂಜೆಯಾದರೆ ಸಾಕು, ಮನೆಯ ಮುಂದೆ ಕತ್ತೆತ್ತಿ ನಿಲ್ಲತೊಡಗಿದ. ಎಷ್ಟೋ ಸಂಜೆ ಕತ್ತು ನೋವು ಬಂದದ್ದೇ ಲಾಭ. ಕೊನೆಗೊಂದು ದಿನ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಚುಕ್ಕಿಯೊಂದು, ಉಳಿದ ಚುಕ್ಕಿಗಳನ್ನೆಲ್ಲ ಹಿಂದೆ ಹಾಕಿ, ಸದ್ದಿಲ್ಲದೆ ಮೂಡಲ ಕಡೆಗೆ ನಡೆದು ಹೋಯಿತು. ಅವನ ಮೈ ಜುಮ್ಮೆಂದಿತು. ಹೆಂಡತಿ ದೊಡ್ಡತಾಯಮ್ಮನನ್ನು ಕೂಗಿ ಕರೆದ. ಅವಳು ಮುದ್ದೆ ತಿರುವುವ ಕೋಲನ್ನು ಕೈಯಲ್ಲಿ ಹಿಡಿದೇ ಓಡಿ ಬಂದು ನೋಡಿದಳು.

“ಅಯ್ಯೋ, ಇದ್ಕಾ ಇಷ್ಟು ಬಾಯಿ ಮಾಡಿದ್ರಿ? ಎಸ್ರು ಉಕ್ತಾ ಐತೆ ಅಲ್ಲಿ” ಎಂದು ಒಳಗೆ ಹೋದಳು. ಮಾರನೆಯ ಸಂಜೆ ನೋಡಿದರೆ ಅವನಿಗಿಂತ ಮೊದಲೇ ಅಂಗಳದಲ್ಲಿ ಅವಳು ನಿಂತಿದ್ದಳು. ಆಗಿನ್ನೂ ಅವಳ ಕಣ್ಣು ಚೆನ್ನಾಗಿತ್ತು. ರಾಗಿಯೊಳಗಿನ ಒಂದು ಕಲ್ಲೂ ಅವಳ ಕಣ್ಣು ತಪ್ಪಿಸಿಕೊಂಡು ಬೀಸುಕಲ್ಲಿಗೆ ಹೋಗುತ್ತಿರಲಿಲ್ಲ.

ಅರವತ್ತೊಂದರ ವೈಶಾಖದಲ್ಲಿ ಒಬ್ಬಳೇ ಮಗಳು ಅನಸೂಯಳ ಮದುವೆಯಾಯಿತು. ಗಂಡು ಹೊಳೆನರಸೀಪುರದ ಪುಟ್ಟಸ್ವಾಮಿ, ಸೊಸೈಟಿಯಲ್ಲಿ ಗುಮಾಸ್ತ. ಬೆಳಿಗ್ಗೆ ಧಾರೆ ಮುಗಿದಿತ್ತು. ಸಂಜೆ ಮಬ್ಬಾದ ಮೇಲೆ ಪುರೋಹಿತರು ಹೆಣ್ಣು ಗಂಡನ್ನು ಚಪ್ಪರದ ಹೊರಗೆ ಕರೆದು, ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದರು. ಸಪ್ತರ್ಷಿಗಳ ಸಾಲಿನಲ್ಲಿ ವಸಿಷ್ಠ, ಅವನ ಮಗ್ಗುಲಿಗೇ ಅಂಟಿಕೊಂಡು ಸಣ್ಣಗೆ ಮಿನುಗುವ ಅರುಂಧತಿ. ಗಂಡು ಹೆಣ್ಣಿನ ಕೈ ಹಿಡಿದು ತೋರಿಸಬೇಕು, ಇಬ್ಬರೂ ‘ಕಾಣ್ತು’ ಎನ್ನಬೇಕು, ಅಲ್ಲಿಗೆ ಶಾಸ್ತ್ರ ಮುಗಿಯಿತು. ಸುತ್ತ ನಿಂತವರೂ ಕತ್ತೆತ್ತಿ ನೋಡಿಕೊಳ್ಳುವರು. ಅರುಂಧತಿ ಯಾರ ಕಣ್ಣಿಗೆ ಬೀಳುವುದಿಲ್ಲವೋ ಅವರು ಆರು ತಿಂಗಳು ಬದುಕುವುದಿಲ್ಲ ಎಂಬ ನಂಬಿಕೆ ಅವರಲ್ಲಿ ಮೊದಲಿನಿಂದ ಇತ್ತು.

ದೊಡ್ಡತಾಯಮ್ಮ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಸಪ್ತರ್ಷಿಗಳೇ ಹೊಗೆಯಲ್ಲಿ ಇಟ್ಟ ದೀಪದ ಹಾಗೆ ಮಂಕಾಗಿದ್ದರು, ಅರುಂಧತಿ ಇರಲೇ ಇಲ್ಲ. ಪಕ್ಕದವಳು “ಕಾಣ್ತಾ ದೊಡ್ಡತಾಯಕ್ಕ?” ಎಂದದ್ದಕ್ಕೆ “ಊ” ಎಂದಳು. ಬೀಗರಿಗೆ ಬಡಿಸಿದಳು, ಮಗಳಿಗೆ ಮಡಿಲು ತುಂಬಿದಳು, ಗಾಡಿ ಹೋಗುವವರೆಗೂ ಗಟ್ಟಿಯಾಗಿದ್ದಳು. ಆಮೇಲೆ ಗಂಡನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಮಗಳನ್ನು ಕಳಿಸಿದ ಸಂಕಟ ಎಂದುಕೊಂಡ ತಿಮ್ಮಪ್ಪ.

“ಅದಲ್ಲ. ನಂಗೆ ಅರುಂಧತಿ ಕಾಣ್ಲಿಲ್ಲ” ಎಂದಳು. “ಮಗ್ಳ ಬಾಣಂತನ ಮಾಡೋ ಬಾಗ್ಯ ನಂಗಿಲ್ಲ.”

ಇಲ್ಲಿ ಒಂದು ಮಾತು ಹೇಳಲೇಬೇಕು. ಅರುಂಧತಿ ತಿಮ್ಮಪ್ಪನಿಗೂ ಯಾವತ್ತೂ ಕಂಡಿರಲಿಲ್ಲ. ತನ್ನ ಮದುವೆಯ ಸಂಜೆ ಪುರೋಹಿತರು ಬೆರಳು ತೋರಿಸಿದ ಕಡೆ ಅವನಿಗೆ ಕಂಡದ್ದು ಎರಡಲ್ಲ, ಒಂದೇ ನಕ್ಷತ್ರ. ಇಲ್ಲ ಎಂದರೆ ಬೀಗರೆದುರು ಮರ್ಯಾದೆ ಏನಾಗಬೇಕು? ‘ಕಾಣ್ತು’ ಎಂದುಬಿಟ್ಟಿದ್ದ. ಆರು ತಿಂಗಳು ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಿ, ಏನೂ ಆಗದ ಮೇಲೆ ಮರೆತಿದ್ದ. ಮಗಳ ಮದುವೆಯಲ್ಲೂ ಎಲ್ಲರಿಗಿಂತ ಜೋರಾಗಿ ‘ಅಗೋ, ಕಾಣ್ತು’ ಎಂದವನು ಅವನೇ. ‘ನಂಗೂ ಕಾಣಾಕಿಲ್ಲ ಕಣಮ್ಮಿ, ನೋಡು, ಗುಂಡುಕಲ್ಲಂಗೆ ಇವ್ನಿ’ ಎಂದು ಕೊಟ್ಟಿಗೆಯ ಹಿಂದೆ ಒಂದು ಮಾತು ಅಂದಿದ್ದರೆ ಅವಳ ಭಯ ಅಲ್ಲೇ ಇಳಿಯುತ್ತಿತ್ತು, ಕಣ್ಣಿಗೇನೋ ಆಗಿದೆ ಎಂಬುದೂ ಹೊಳೆಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಊರಿಗೆಲ್ಲ ಆಕಾಶ ತೋರಿಸುವ ಪೇಪರ್ ತಿಮ್ಮಪ್ಪ ಹೆಂಡತಿಯ ಮುಂದೆ ಹಾಗೆ ಹೇಗೆ ಅಂದಾನು? ಎಂಥ ದೊಡ್ಡಸ್ತಿಕೆಯೋ ಏನೋ, ಬೆಂಕಿ ಹಾಕಬೇಕು ಅದಕ್ಕೆ.

ಅದರ ಬದಲು ಅವನು ಪೇಪರನ್ನು ನಡುವೆ ತಂದ. ಹಿಂದಿನ ವರ್ಷವಷ್ಟೇ ಅಮೆರಿಕದವರು ಬೆಳ್ಳಿ ಬಣ್ಣದ ದೊಡ್ಡ ಬಲೂನೊಂದನ್ನು ಮೇಲಕ್ಕೆ ಬಿಟ್ಟಿದ್ದರು. ಎಕೋ ಎಂದು ಅದರ ಹೆಸರು. ಬೇರೆ ಉಪಗ್ರಹಗಳನ್ನು ಹುಡುಕಿ ಸಾಯಬೇಕು, ಇದು ಹಾಗಲ್ಲ, ಬೆಳ್ಳಿಚುಕ್ಕಿಯ ಹಾಗೆ ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಊರವರು ಅದನ್ನು ಓಡೋ ಚುಕ್ಕಿ ಎನ್ನುತ್ತಿದ್ದರು.

“ಅರುಂಧತಿ ಮಾತು ಅಳೇ ಕಾಲದ್ದು, ಬುಡು” ಎಂದ ತಿಮ್ಮಪ್ಪ. “ಈಗ ಪೇಪರ್‌ನಾಗೆ ಬರ್ದವ್ರೆ. ಓಡೋ ಚುಕ್ಕಿ ಯಾರ್ ಕಣ್ಗೆ ಬೀಳ್ತದೋ ಅವ್ರ ಆಯಸ್ಸು ಗಟ್ಟಿಯಂತೆ. ದೊಡ್ಡ ದೊಡ್ಡ ಜೋಯಿಸ್ರೇ ಒಪ್ಕೊಂಡವ್ರೆ.”

ಎಲ್ಲಿಯ ಜೋಯಿಸರು, ಎಲ್ಲಿಯ ಪೇಪರು. ಆದರೂ ಕೆಲವು ಸಂಜೆ ಕಳೆದು ಆ ಚುಕ್ಕಿ ನೆತ್ತಿಯ ಮೇಲೆ ಬಂದಾಗ ದೊಡ್ಡತಾಯಮ್ಮ ಉಸಿರು ಹಿಡಿದು ನೋಡಿದಳು. “ಕಾಣ್ತು” ಎಂದಳು. ಇನ್ನೊಮ್ಮೆ “ಕಾಣ್ತು ಕಣ್ರೀ” ಎಂದು ಕೈಮುಗಿದು, ಅಲ್ಲೇ ಜಗಲಿಯ ಮೇಲೆ ಕುಸಿದು ಕೂತಳು. ಆ ರಾತ್ರಿ ಅವಳು ಹೊಟ್ಟೆ ತುಂಬ ಉಂಡಳು. ಒಂದು ಸುಳ್ಳಿನಿಂದ ಇಷ್ಟು ಉಪಕಾರವಾಯಿತಲ್ಲ ಎಂದು ತಿಮ್ಮಪ್ಪನಿಗೂ ಸಮಾಧಾನವಾಯಿತು.

ಕಾರ್ತಿಕ ಬಂತು, ಹೋಯಿತು. ದೊಡ್ಡತಾಯಮ್ಮನಿಗೆ ಏನೂ ಆಗಲಿಲ್ಲ. ನಂಬಿಕೆ ಸುಳ್ಳಾಯಿತು ಎಂದು ಅವಳು ತಿಳಿಯಲಿಲ್ಲ, ಓಡುವ ಚುಕ್ಕಿಯೇ ತನ್ನನ್ನು ಉಳಿಸಿತು ಎಂದು ತಿಳಿದಳು. ಅದು ವರ್ಷವಿಡೀ ಬರುತ್ತಿರಲಿಲ್ಲ. ಕೆಲವು ವಾರ ಸಂಜೆ ಬರುವುದು, ಕೆಲವು ವಾರ ನಾಪತ್ತೆ. ಬರುವ ಕಾಲದಲ್ಲಿ ಇಬ್ಬರೂ ಜಗಲಿಯ ಮೇಲೆ ಕೂರುವರು. ತಿಮ್ಮಪ್ಪ “ಬಂತು, ಅಗೋ” ಎನ್ನುವನು. ಅವಳು “ಊ, ಕಾಣ್ತು” ಎನ್ನುವಳು. ಅಷ್ಟು ಅಂದರೆ ಅವನಿಗೆ ಅವಳ ಜೀವಕ್ಕೆ ಇನ್ನೊಂದಿಷ್ಟು ದಿನದ ಭರವಸೆ ಸಿಕ್ಕಂತೆ. ಹೆಂಡತಿಗೆ ಹೇಳಿದ ಸುಳ್ಳನ್ನು ಯಾವಾಗಿನಿಂದಲೋ ಅವನೂ ನಂಬತೊಡಗಿದ್ದ.

ಈ ನಡುವೆ ಮುದ್ದೆಯಲ್ಲಿ ಕಲ್ಲು ಸಿಗತೊಡಗಿತು. ಅವಳ ಕಣ್ಣು ಕೆಂಪಗಾಗುವುದು, ತಲೆನೋವು ಬಂದರೆ ಎರಡು ದಿನ ಬಿಡದು. ಒಲೆಯ ಹೊಗೆ ಎಂದಳು, ಅವನು ಒಪ್ಪಿದ. ತೌರಿಗೆ ಬಂದ ಅನಸೂಯ ಮಾತ್ರ ಪಟ್ಟು ಹಿಡಿದಳು.

“ಅವ್ವನ್ನ ಹಾಸನದ ಆಸ್ಪತ್ರೆಗೆ ಕರ್ಕೊಂಡೋಗಪ್ಪ. ಬಾಗ್ಲು ಗ್ವಾಡೆ ತಡಕಾಡ್ತಾಳೆ.”

“ಆಕಾಸದಾಗೆ ಓಡೋ ಚುಕ್ಕಿ ಕಾಣೋಳ್ಗೆ ಕಣ್ಣಾಗೆ ಏನವ್ವ ರೋಗ?” ಎಂದು ತಿಮ್ಮಪ್ಪ ನಕ್ಕುಬಿಟ್ಟ. “ಕೇಳು ನಿಮ್ಮವ್ವನ್ನೇ.”

ದೊಡ್ಡತಾಯಮ್ಮ ಗಂಡನ ದನಿ ಬಂದ ಕಡೆಗೆ ತಿರುಗಿ ತಲೆಯಾಡಿಸಿದಳು. “ನಂಗೇನಾಗೈತೆ? ಚೆನ್ನಾಗೇ ಕಾಣ್ತದೆ” ಎಂದಳು. ಮಗಳು ಸಿಟ್ಟು ಮಾಡಿಕೊಂಡು ಹೊಳೆನರಸೀಪುರಕ್ಕೆ ಹೋದಳು.

ಅರವತ್ತೆಂಟರ ಮೇ ತಿಂಗಳು. ಗೌರೀಶಂಕರನ ಬೆಂಚಿನ ಮೇಲೆ ಪೇಪರು ಓದುತ್ತಿದ್ದ ತಿಮ್ಮಪ್ಪ ಒಂದು ಮೂಲೆಯ ಸಣ್ಣ ಸುದ್ದಿಗೆ ಬಂದು ನಿಂತುಬಿಟ್ಟ. ಎಂಟು ವರ್ಷದಿಂದ ಭೂಮಿ ಸುತ್ತುತ್ತಿದ್ದ ಎಕೋ ಬಲೂನು ಕೆಳಗಿಳಿದು, ಗಾಳಿಯ ಉಜ್ಜಾಟಕ್ಕೆ ಉರಿದು ಹೋಯಿತು ಎಂದಿತ್ತು. ಅದನ್ನು ಅವನು ಗಟ್ಟಿಯಾಗಿ ಓದಲಿಲ್ಲ. ಪೇಪರು ಮಡಿಸಿಟ್ಟು ಎದ್ದ.

“ಯಾಕೆ, ಇವತ್ತು ಇಷ್ಟೇನಾ ಸುದ್ದಿ?” ಎಂದ ಗೌರೀಶಂಕರ.

“ಇಷ್ಟೇ ಕಣಪ್ಪ” ಎಂದು ತಿಮ್ಮಪ್ಪ ಮನೆಯ ದಾರಿ ಹಿಡಿದ. ಚುಕ್ಕಿ ಬಿದ್ದುಹೋಯಿತು ಎಂದರೆ ಅವಳು ತನ್ನ ಕತೆಯೂ ಮುಗಿಯಿತು ಎಂದುಕೊಳ್ಳುವಳು, ಆ ಭಯಕ್ಕೇ ಸತ್ತರೂ ಸತ್ತಳು. ಇದು ಬರುವ ಕಾಲವಲ್ಲ ಎಂದು ಕೆಲವು ದಿನ ತಳ್ಳಬಹುದು, ಮೋಡ ಎಂದು ಮಳೆಗಾಲ ಕಳೆಯಬಹುದು, ಆಮೇಲೆ? ಅವನಿಗೆ ತಲೆ ಓಡಲಿಲ್ಲ.

ಸಂಜೆ ಅವಳು ಎಂದಿನಂತೆ ಜಗಲಿಗೆ ಬಂದು ಕೂತಳು. ಆಕಾಶ ತೊಳೆದಿಟ್ಟ ಹಾಗಿತ್ತು, ಒಂದು ಚೂರು ಮೋಡವಿರಲಿಲ್ಲ.

“ಇವತ್ತು ಬತ್ತದಾ?” ಎಂದಳು.

ಬರುವುದಿಲ್ಲ ಎನ್ನಲು ಬಾಯಿ ತೆರೆದ. ಏಳು ವರ್ಷದ ಅಭ್ಯಾಸ, ನಾಲಿಗೆ ತನ್ನ ಪಾಡಿಗೆ “ಬಂತು, ಅಗೋ” ಎಂದುಬಿಟ್ಟಿತು. ಎಲ್ಲಿ ಎಂದು ಅವಳು ಕೇಳಿದರೆ ಏನನ್ನು ತೋರಿಸುವುದು?

ಅವಳು ಕೇಳಲಿಲ್ಲ. ಮುಖ ಮೇಲೆತ್ತಿ ಪಡುವಲ ಕಡೆಗೆ ನೋಡಿದಳು. ಅಲ್ಲಿಂದ ನಿಧಾನವಾಗಿ, ಎಲ್ಲೂ ತಡೆಯದೆ, ನೆತ್ತಿಯ ಮೇಲೆ ಹಾಯಿಸಿ ಮೂಡಲವರೆಗೂ ಕತ್ತು ತಿರುಗಿಸಿದಳು.

“ಊ, ಕಾಣ್ತು” ಎಂದಳು. “ಇವತ್ತು ಒಸಿ ಬಿರ್ನೆ ಓಯ್ತಾ ಐತೆ.”

ತಿಮ್ಮಪ್ಪ ಅಂಗೈಯನ್ನು ಅವಳ ಮುಖದ ಮುಂದೆ ತಂದು ಮೆಲ್ಲಗೆ ಆಡಿಸಿದ. ಅವಳ ರೆಪ್ಪೆ ಅಲುಗಲಿಲ್ಲ. ಇನ್ನೂ ಹತ್ತಿರ ತಂದ. ಅವಳು ಮೂಡಲ ಕಡೆಗೇ ಮುಖ ಮಾಡಿಕೊಂಡು ಸಣ್ಣಗೆ ನಗುತ್ತಿದ್ದಳು. ಜೊತೆಗೆ ಕೂತು ಉಂಡವನು, ಅವಳು ಬಡಿಸಿದ್ದನ್ನೇ ತಿಂದವನು, ತನಗೆ ಇಷ್ಟು ದಿನ ತಿಳಿಯಲಿಲ್ಲವಲ್ಲ ಎಂದುಕೊಂಡ.

“ಯಾವತ್ತಿಂದ ಕಣಮ್ಮಿ?” ಎಂದ.

ಅವಳ ನಗು ನಿಂತಿತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಅನಸೂಯನ ಎರಡ್ನೇ ಬಾಣಂತನದಾಗಿಂದ, ಎರಡು ವರ್ಸಾಯ್ತು. ಆ ಕೂಸಿನ ಮೊಕ ನಾ ಕಂಡೇ ಇಲ್ಲ. ಮುಟ್ಟಿ ಮುಟ್ಟಿ ನೀರು ಉಯ್ದೆ” ಎಂದಳು. “ಈ ಚುಕ್ಕೀನೂ ಕಾಣಾಕಿಲ್ಲ ಅಂದ್ರೆ ನೀವು ಎದೆ ಒಡ್ಕತೀರಿ ಅಂತ ಯೋಳ್ಲಿಲ್ಲ. ದಿನಾ ಮನೀಕಳ್ಳೋವಾಗ ನಾಳೀಕೆ ಏಳ್ತೀನೋ ಇಲ್ವೋ ಅಂತಿದ್ದೆ.”

ಬೆಳಗಾಗುತ್ತಲೇ ತಿಮ್ಮಪ್ಪ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದ. ಡಾಕ್ಟರು ದೀಪ ಹಿಡಿದು ಎರಡೂ ಕಣ್ಣು ನೋಡಿದರು, ರೆಪ್ಪೆಯ ಮೇಲಿಂದ ಒತ್ತಿ ನೋಡಿದರು, ಆಮೇಲೆ ದೀಪ ಆರಿಸಿದರು.

“ಪೊರೆ ಬಂದಿದ್ದು. ಮೊದಲೇ ಬಂದಿದ್ರೆ ತೆಗೆದು, ಕನ್ನಡಕ ಕೊಟ್ಟು ಕಳಿಸ್ತಿದ್ವಿ. ಅದು ಬಲಿತು ಬಲಿತು ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರವೇ ಸತ್ತುಹೋಗಿದೆ. ಇನ್ನೇನೂ ಮಾಡೋ ಹಾಗಿಲ್ಲ” ಎಂದರು. “ಇಷ್ಟು ವರ್ಷ ಏನ್ ಮಾಡ್ತಿದ್ರಿ ಯಜಮಾನರೆ?”

ತಿಮ್ಮಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಡಾಕ್ಟರು ಮುಂದಿನವರನ್ನು ಕರೆದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಊರಿನ ಕಡೆಗೆ ಹೋಗುವ ಅರಕಲಗೂಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಬಾಳೆಹಣ್ಣು ತಂದು ಸುಲಿದು ಅವಳ ಕೈಗಿಟ್ಟ. ಅವಳು ಅರ್ಧ ಮುರಿದು ಅವನ ಕಡೆಗೆ ಚಾಚಿದಳು. ಅವನು ಅದನ್ನು ಕೈಯಲ್ಲೇ ಹಿಡಿದುಕೊಂಡ.

“ನಂಗೂ ಅರುಂಧತಿ ಕಾಣಾಕಿಲ್ಲ” ಎಂದ. “ನಮ್ಮ ಮದ್ವೆ ದಿನಾನೂ ಕಾಣ್ಲಿಲ್ಲ. ಯಾವತ್ತೂ ಕಂಡಿಲ್ಲ. ಸುಮ್ಕೆ ಕಾಣ್ತು ಅಂದೆ. ಇಷ್ಟು ವರ್ಸ ಬದ್ಕೇ ಇವ್ನಿ.”

ದೊಡ್ಡತಾಯಮ್ಮ ಅವನ ಕಡೆಗೆ ಮುಖ ತಿರುಗಿಸಿದಳು.

“ಅವತ್ತು ಕೊಟ್ಗೆ ಇಂದೆ ಇದೊಂದು ಮಾತ ಯೋಳಿದ್ರೆ ಆಗ್ತಿರ್ಲಿಲ್ವಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಿಂದ ಉಪ್ಪು ಮರೆತು ಬಂದವನನ್ನು ಕೇಳುವ ಹಾಗೆ ಕೇಳಿದಳು.

“ಯಾಕ್ ಯೋಳ್ಲಿಲ್ವೋ ನಂಗೊತ್ತಿಲ್ಲ ಕಣಮ್ಮಿ” ಎಂದು ತಿಮ್ಮಪ್ಪ ಅತ್ತುಬಿಟ್ಟ. ಬಸ್ ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿದ್ದರು.

ಅರಕಲಗೂಡಿನ ಬಸ್ಸು ಬಂದು ನಿಂತಿತು. ಅವನು ಕೈ ಹಿಡಿಯಲು ಹೋದಾಗ ದೊಡ್ಡತಾಯಮ್ಮ ಬೇಡ ಎಂದಳು. ಎದ್ದು ಸೆರಗು ಸಿಕ್ಕಿಸಿಕೊಂಡು, ಎರಡು ವರ್ಷದಿಂದ ಗಂಡನ ಮುಂದೆ ಮಾಡದಿದ್ದುದನ್ನು ಮಾಡಿದಳು. ಎರಡೂ ಕೈಯನ್ನು ಮುಂದಕ್ಕೆ ಚಾಚಿ, ಗಾಳಿಯನ್ನು ತಡಕುತ್ತಾ, ಬಸ್ಸಿನ ಸದ್ದು ಬಂದ ಕಡೆಗೆ ನಡೆದಳು.