ಮಗ್ಗ ನಿಂತ್ರೆ ಹಗ್ಗ ಬಿಡು

ದೊಡ್ಡಬಳ್ಳಾಪುರದ ನಮ್ಮ ಹಳೆಯ ಮನೆಯ ಸೂರಿನಲ್ಲಿ ಒಂದು ಬೆಳಕಿಂಡಿ ಇತ್ತು. ನಾವು ಅದನ್ನು ಬರೀ ಗಾಜು ಎನ್ನುತ್ತಿದ್ದೆವು. ಮರದ ಚೌಕಟ್ಟಿಗೆ ಕೂರಿಸಿದ ಗಾಜು, ಗೋಡೆಯ ಮೊಳೆಗೆ ಕಟ್ಟಿದ ಹಗ್ಗ. ಹಗ್ಗ ಎಳೆದರೆ ಗಾಜು ತೆರೆಯುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಅದರ ಕೆಳಗೆ ಅಪ್ಪನ ಕರೆಂಟ್ ಮಗ್ಗ. ಮಗ್ಗದ ಪಕ್ಕದಲ್ಲಿ ಚಾಪೆಯಷ್ಟು ಅಗಲದ ಬಿಸಿಲು ಬೀಳುತ್ತಿತ್ತು, ಅದರಲ್ಲಿ ನಾನು ಮತ್ತು ನನ್ನ ಪುಸ್ತಕ.

ನಮ್ಮ ಬೀದಿಯಲ್ಲಿ ಮಳೆಗಿಂತ ಮೊದಲು ಕರೆಂಟ್ ಹೋಗುತ್ತಿತ್ತು. ಅಷ್ಟೂ ಮನೆಗಳ ಮಗ್ಗಗಳು ಒಂದೇ ಸಲಕ್ಕೆ ಬಾಯಿ ಮುಚ್ಚುತ್ತಿದ್ದವು. ಆ ಸದ್ದಿಲ್ಲದ ಸದ್ದು ಕೇಳಿದ ಕೂಡಲೇ ನಾನು ಎದ್ದು ಹಗ್ಗ ಬಿಡಬೇಕು, ಇಲ್ಲವಾದರೆ ಮಗ್ಗಕ್ಕೆ ಹಾಸಿದ ರೇಷ್ಮೆ ಎಳೆಗಳ ಮೇಲೆ ಹನಿ ಬಿದ್ದು ಕಲೆಯಾಗುತ್ತದೆ. "ಮಗ್ಗ ನಿಂತ್ರೆ ಹಗ್ಗ ಬಿಡು." ಅಪ್ಪ ನನಗೆ ಕಲಿಸಿದ ಮೊದಲ ಪಾಠ ಇದು.

ಆ ಬೆಳಕಲ್ಲೇ ಓದಿ ಬಿ.ಎಸ್ಸಿ. ಮಾಡಿದೆ. ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಈ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ, ಕಷ್ಟಪಟ್ಟು ಗಳಿಸಿದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಮ್ಮ ಆದೆ. ಊರಾಚೆಯ ಲೇಔಟಿನಲ್ಲಿ ಮನೆ ಕಟ್ಟಿಸುವಾಗ ಹಾಲಿನ ನಡುವೆ, ನೆತ್ತಿಯ ಮೇಲೆ ಗಾಜು ಇರಲೇಬೇಕೆಂದು ಹಟ ಹಿಡಿದವಳೂ ನಾನೇ. ಆದರೆ ಇದು ಮೋಟರಿನ ಗಾಜು. ರಿಮೋಟ್ ಒತ್ತಿದರೆ ತೆರೆಯಬೇಕು.

ಅಪ್ಪ ಬಂದು ನೋಡಿ, ಒಂದು ಹಗ್ಗವನ್ನೂ ಹಾಕಿಸು ಎಂದ. ಇಂಜಿನಿಯರ್ ಎದುರಿಗೇ ನಿಂತಿದ್ದರು. ಹಾಲಿನಲ್ಲಿ ಹಗ್ಗ ನೇತಾಡಿದರೆ ದನದ ಕೊಟ್ಟಿಗೆ ಥರ ಕಾಣುತ್ತೆ, ನೀನು ಸುಮ್ನಿರಪ್ಪ ಎಂದುಬಿಟ್ಟೆ. 

ಗೃಹಪ್ರವೇಶ ಆಗಿ ಅಪ್ಪನೂ ನನ್ನ ಜೊತೆಗೇ ಇರಲು ಬಂದ. ಮುಂದಿನ ಭಾನುವಾರ ಶಾಲೆಯ ನಾಲ್ವರು ಟೀಚರುಗಳನ್ನು ಊಟಕ್ಕೆ ಕರೆದಿದ್ದೆ. ಎಲೆ ಹಾಕುವ ಮೊದಲು ಎಲ್ಲರನ್ನೂ ಹಾಲಿನಲ್ಲಿ ನಿಲ್ಲಿಸಿ ರಿಮೋಟ್ ಒತ್ತಿದೆ. ಗಾಜು ಮೆಲ್ಲಗೆ ಮೇಲೆದ್ದಿತು. ಎಲ್ಲರೂ ಕತ್ತೆತ್ತಿ ನೋಡಿದರು. ಬಿಸಿಗಾಳಿ ಮೇಲೆ ಹೋಗುತ್ತೆ, ತಂಪುಗಾಳಿ ಕೆಳಗೆ ಬರುತ್ತೆ ಎಂದು ಅಲ್ಲೇ ಒಂದು ಪಾಠವನ್ನೂ ಮಾಡಿದೆ.

ತೆರೆದ ಗಾಜಿನ ಕೆಳಗೇ ಎಲ್ಲರೂ ಊಟಕ್ಕೆ ಕೂತರು. ಪಾಯಸ ಬಡಿಸುವಾಗ ಫ್ಯಾನ್ ನಿಂತಿತು. ಲೇಔಟಿನಲ್ಲಿ ಮಗ್ಗಗಳಿಲ್ಲ, ಹಾಗಾಗಿ ಏನೂ ನಿಂತಂತೆ ನನಗೆ ಕೇಳಿಸಲಿಲ್ಲ. ಅಪ್ಪನಿಗೆ ಮಾತ್ರ ಕೇಳಿಸಿತು. ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಎದ್ದು, "ಗಾಜು, ಗಾಜು" ಎಂದ. ನಾನು ರಿಮೋಟ್ ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. ಯುಪಿಎಸ್ ಇನ್ನೂ ಹಾಕಿಸಿರಲಿಲ್ಲ. ಮಳೆ ಎಲೆಗಳ ಮೇಲೆ, ಅನ್ನದ ಮೇಲೆ, ಟೀಚರುಗಳ ಸೀರೆಯ ಮೇಲೆ ನೇರವಾಗಿ ಸುರಿಯಿತು.

ಅಷ್ಟರಲ್ಲಿ ಅಪ್ಪ ತಾರಸಿ ಹತ್ತಿದ್ದ. ಕಟ್ಟಡ ಕೆಲಸದಲ್ಲಿ ಉಳಿದಿದ್ದ ಟಾರ್ಪಾಲನ್ನು ಗಾಜಿನ ಮೇಲೆ ಎಳೆದು, ನಾಲ್ಕು ಮೂಲೆಗೂ ಇಟ್ಟಿಗೆ ಹೇರಿ, ಒದ್ದೆಮುದ್ದೆಯಾಗಿ ಕೆಳಗಿಳಿದು ಬಂದ. ಆಗ ನಾನು ಸೀರೆ ಒರೆಸಿಕೊಳ್ಳಲು ಟವೆಲ್ ಕೊಡುತ್ತಿದ್ದೆ. ಒಬ್ಬ ಟೀಚರ್, ಪಾಪ, ಹೇಗಾಯ್ತು ಎಂದು ಕೇಳಿದರು.

"ನಮ್ಮಪ್ಪ ಗಾಜು ತೆಗೆದು ಹಾಗೇ ಬಿಟ್ಟುಬಿಟ್ಟಿದ್ದಾರೆ. ಅವರಿಗೆ ರಿಮೋಟ್ ಎಲ್ಲ ಬರಲ್ಲ," ಎಂದೆ.

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಅಪ್ಪ ಬಾಗಿಲಲ್ಲೇ ನಿಂತಿದ್ದ. ನನ್ನ ಮುಖ ನೋಡಲಿಲ್ಲ. "ಹೂಂ ಕಣ್ರಮ್ಮ, ನಂದೇ ತಪ್ಪು," ಎಂದು ನೆಲ ಒರೆಸಲು ಬಟ್ಟೆ ತೆಗೆದುಕೊಂಡ.

ಆಮೇಲೆ ಅಪ್ಪ ಆ ರಿಮೋಟ್ ಮುಟ್ಟಲಿಲ್ಲ. ಯುಪಿಎಸ್ ಹಾಕಿಸಿದ ಮೇಲೂ ಮುಟ್ಟಲಿಲ್ಲ. ನಾನು ಶಾಲೆಯಿಂದ ಬರುವ ಹೊತ್ತಿಗೆ ಮುಚ್ಚಿದ ಗಾಜಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದ. ಗಾಜು ತೆಗೆದುಕೊಳ್ಳಬಾರದಾ ಎಂದರೆ, ನಂಗೆ ಬರಲ್ವಲ್ಲಮ್ಮ ಎನ್ನುತ್ತಿದ್ದ. ಚುಚ್ಚಿ ಹೇಳಿದ್ದೋ ಸುಮ್ಮನೆ ಹೇಳಿದ್ದೋ ನನಗೆ ತಿಳಿಯುತ್ತಿರಲಿಲ್ಲ. ಇಡೀ ಬೇಸಿಗೆ ಹೀಗೇ ಕಳೆಯಿತು.

ಕೊನೆಗೆ ಮೋಟರ್ ಬಿಚ್ಚಿಸಿ ಹಗ್ಗ ಹಾಕಿಸಿದೆ. ಸ್ಟಾಫ್ ರೂಮಿನಲ್ಲಿ ಆ ನಾಲ್ವರಿಗೂ ನಿಜ ಹೇಳಿದೆ. ಹೇಳಲು ಎರಡು ದಿನ ಒದ್ದಾಡಿದ್ದೆ. ಅವತ್ತು ಕೇಳಿದ್ದ ಟೀಚರ್ ನೋಟ್ಸ್ ತಿದ್ದುತ್ತಲೇ, "ರಿಮೋಟ್ ನಿಮ್ಮ ಕೈಯಲ್ಲೇ ಇತ್ತಲ್ಲ ಮಿಸ್, ನಾವೆಲ್ಲ ನೋಡಿದ್ವಿ," ಎಂದರು. ಯಾರೂ ನಂಬಿರಲಿಲ್ಲ. ಸುಳ್ಳು ಉಪಯೋಗಕ್ಕೂ ಬಂದಿರಲಿಲ್ಲ.

ಮನೆಗೆ ಬಂದು ಅಪ್ಪನಿಗೆ, ಟೀಚರುಗಳಿಗೆಲ್ಲ ನಿಜ ಹೇಳಿಬಿಟ್ಟೆ ಎಂದೆ. ಅಪ್ಪ ಹೊಸ ಹಗ್ಗದ ಗಂಟನ್ನು ಬಿಗಿ ಮಾಡುತ್ತಿದ್ದ.

"ಅವ್ರಿಗೆ ಹೇಳ್ದೆ, ಸರಿ. ನಂಗಿನ್ನೂ ಹೇಳಿಲ್ವಲ್ಲ."

ದಿನವೂ ಐವತ್ತು ಮಕ್ಕಳ ಮುಂದೆ ಗಂಟಲು ಹರಿಯುವಂತೆ ಮಾತಾಡುವವಳು ನಾನು. ತಪ್ಪಾಯ್ತಪ್ಪ ಎನ್ನಲು ಇಡೀ ಬೇಸಿಗೆ ಬೇಕಾಯಿತು. ಹೇಳಿದೆ. ಆದರೆ ಅಪ್ಪನನ್ನು ನೋಡಿಕೊಂಡು ಹೇಳಲಿಲ್ಲ, ಗಾಜನ್ನು ನೋಡಿಕೊಂಡು ಹೇಳಿದೆ.